ಬೇಬಿ ಅರುಣಾಳ ಶ್ರುತಿ

“ಈಗ ನಿಮ್ಮ ಮುಂದೆ, ಬೇಬಿ ಅರುಣಾ!”

ನಮ್ಮ ಗಣಪತಿ ಪೆಂಡಾಲಿನಲ್ಲಿ ಪ್ರತಿವರ್ಷ ಹೀಗೆ ಕೂಗಿದ ಮೇಲೆ ವೇದಿಕೆ ಹತ್ತುತ್ತಿದ್ದವಳು ಕನ್ನಡಕ ಹಾಕಿದ, ಮಂಡಿನೋವಿನ, ನಲವತ್ತು ದಾಟಿದ ಹೆಂಗಸು. ಹೊಸಬರು ಯಾರಾದರೂ ಇದ್ದರೆ ಅವಳ ಹಿಂದೆ ಮಗು ಬರುತ್ತದೆಯೇನೋ ಎಂದು ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಅರಸೀಕೆರೆಯವರಾದ ನಮಗೆ ಅದು ಅಭ್ಯಾಸವಾಗಿತ್ತು. ನಾನೊಮ್ಮೆ ನಿರೂಪಣೆ ಮಾಡುವವನನ್ನು ಹಿಡಿದು ಕೇಳಿದ್ದೆ, “ಅವಳ ತಲೆ ನೋಡಯ್ಯ, ಅರ್ಧ ನರೆತೈತೆ. ಇನ್ನೂ ಬೇಬಿ ಅಂತೀಯಲ್ಲ, ನಾಚ್ಕೆ ಆಗಲ್ವಾ?” ಅವನು ಕೈಯಲ್ಲಿದ್ದ ಕಾಗದ ತೋರಿಸಿದ. “ಪಾಂಪ್ಲೆಟ್‌ನಲ್ಲಿ ಹಂಗೇ ಐತೆ ಅಕ್ಕ.”

ನಾನು ಶಿಲ್ಪಾ. ಅರುಣಾಳ ಎದುರುಮನೆಯವಳು, ಒಂದನೇ ಕ್ಲಾಸಿನಿಂದ ಜೊತೆಗೆ ಓದಿದವಳು, ದರ್ಜಿ. ಅವಳು ವೇದಿಕೆಗೆ ಉಡುವ ಸೀರೆಯ ರವಿಕೆ ಹೊಲಿಯುತ್ತಿದ್ದವಳೂ ನಾನೇ. ರವಿಕೆಯ ತೋಳಿನ ಮೇಲೆ ಜರಿಯಲ್ಲಿ ಒಂದು ಮಿಂಚಿನ ಗುರುತು ಇರಲೇಬೇಕು, ಅದು ಅವಳ ಅಪ್ಪನ ಗುರುತು. ಆದ್ದರಿಂದ ಅವಳ ಕಥೆ ಹೇಳಬೇಕಾದರೆ ಅಪ್ಪನಿಂದಲೇ ಶುರುಮಾಡಬೇಕು. ಅವಳ ಪಾಡೇ ಅದು.

ಅಪ್ಪ ಮಿಂಚು ರಾಜಶೇಖರ್. ಕೊಬ್ಬರಿ ವ್ಯಾಪಾರದ ಮನೆತನ. ಮಂಡಿಯಲ್ಲಿ ಕೂರಬೇಕಾದವರು ಕೊರಳಿಗೆ ಎಲೆಕ್ಟ್ರಿಕ್ ಗಿಟಾರ್ ನೇತುಹಾಕಿಕೊಂಡರು. ಆಗ ಪ್ರತಿ ಊರಿನಲ್ಲೂ ಒಂದೊಂದು ಆರ್ಕೆಸ್ಟ್ರಾ ಇತ್ತು. ಅವೆಲ್ಲ ಸಿನಿಮಾ ಹಾಡು ಹಾಡುತ್ತಿದ್ದವು. ಇವರು ತಾವೇ ಬರೆದು, ತಾವೇ ರಾಗ ಹಾಕಿ, ಬಿಳಿ ಬೂಟು ತೊಟ್ಟು ಕುಣಿದು ಹಾಡುತ್ತಿದ್ದರು. ಬೇಲೂರಿನಲ್ಲಿ ಮಿಂಚು ಕಾರ್ಯಕ್ರಮ ಅಂದರೆ ಹಗರೆಯ ಜನ ಹಾಲಿನ ವ್ಯಾನಿನಲ್ಲಿ ಕ್ಯಾನುಗಳ ನಡುವೆ ಕೂತು ಹೋಗುತ್ತಿದ್ದರು. ಗಂಡಸಿ ಊರಿನ ಕ್ಷೌರದಂಗಡಿಯಲ್ಲಿ ‘ಇಲ್ಲಿ ಮಿಂಚು ಕಟಿಂಗ್ ಮಾಡಲಾಗುವುದು’ ಎಂಬ ಬೋರ್ಡಿತ್ತು. ನಮ್ಮ ಚಿಕ್ಕಮ್ಮ ಅವರ ಫೋಟೊವನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದಳು, ಮದುವೆಯಾದ ಮೇಲೂ. ಈಗಿನ ಹುಡುಗರಿಗೆ ಇದನ್ನೆಲ್ಲ ಹೇಳಿದರೆ ಮೊಬೈಲಿನಲ್ಲಿ ಹುಡುಕಿ, ಸಿಗಲಿಲ್ಲ ಎಂದು ನನ್ನನ್ನೇ ಅನುಮಾನದಿಂದ ನೋಡುತ್ತಾರೆ.

ಅವರಿಗೆ ಇಬ್ಬರು ಮಕ್ಕಳು. ದೊಡ್ಡವನು ಶರತ್ಚಂದ್ರ. ಅವನಿಗೆ ಅಪ್ಪನ ಗಂಟಲು ಬಂದಿತ್ತು, ಕಿವಿ ಬರಲಿಲ್ಲ. ಜೂನಿಯರ್ ಮಿಂಚು ಎಂಬ ಹೆಸರು ಹೊತ್ತು ಕೆಲವು ವರ್ಷ ಕುಣಿದ. ಜಾವಗಲ್ಲಿನ ಒಂದು ಕಾರ್ಯಕ್ರಮದಲ್ಲಿ ತಾಳ ತಪ್ಪಿ ಜನ ಶಿಳ್ಳೆ ಹಾಕಿದಾಗ ಗಿಟಾರನ್ನು ಅಲ್ಲೇ ಕುರ್ಚಿಯ ಮೇಲಿಟ್ಟು ಬಸ್ಸು ಹತ್ತಿ ಮನೆಗೆ ಬಂದ. ಈಗ ಟೈರ್ ಅಂಗಡಿ ಇಟ್ಟಿದ್ದಾನೆ. ಅಂಗಡಿಯಲ್ಲಿ ರೇಡಿಯೋ ಕೂಡ ಹಾಕುವುದಿಲ್ಲ. ಅವನು ಪುಣ್ಯವಂತ ಎಂದೇ ನನ್ನ ಲೆಕ್ಕ. ಬಿಟ್ಟು ಬರುವುದಕ್ಕೆ ಅವನಿಗೆ ಒಂದು ಶಿಳ್ಳೆಯಾದರೂ ಸಿಕ್ಕಿತು.

ಅರುಣಾಳಿಗೆ ಸಂಗೀತ ನಿಜವಾಗಿಯೂ ಬಂದಿತ್ತು. ಕಷ್ಟ ಶುರುವಾದದ್ದು ಅಲ್ಲೇ.

ಇಲ್ಲಿ ಮಿಂಚು ತಂಡದ ಒಂದು ಪದ್ಧತಿ ಹೇಳಬೇಕು. ಹಾಡುವವರೆಲ್ಲರ ಗಂಟಲೂ ಒಂದೇ ಎತ್ತರದಲ್ಲಿರುವುದಿಲ್ಲ. ಯಾರಿಗೆ ಯಾವ ಶ್ರುತಿ ಹೊಂದುತ್ತದೋ ಅದನ್ನು ಹಾರ್ಮೋನಿಯಂ ಮನೆಗಳ, ಅಂದರೆ ಬೆರಳಿಡುವ ಕರಿ-ಬಿಳಿ ಪಟ್ಟಿಗಳ, ಲೆಕ್ಕದಲ್ಲಿ ಬಿಳಿ ಎರಡು, ಕರಿ ಮೂರು ಎಂದು ಕರೆಯುತ್ತಾರೆ. ರಾಜಶೇಖರರ ಶ್ರುತಿ ಕರಿ ಒಂದು. ಹಾರ್ಮೋನಿಯಂ ನುಡಿಸುತ್ತಿದ್ದ ಗಂಗಾಧರಪ್ಪನವರು ಆಯುಧಪೂಜೆಯ ದಿನ ಆ ಕರಿ ಒಂದರ ಮನೆಗೆ ವಿಭೂತಿ ಹಚ್ಚುತ್ತಿದ್ದರು. ಆಮೇಲೆ ಆಯುಧಪೂಜೆಗೆ ಮಾತ್ರವಲ್ಲ, ಪ್ರತಿ ಕಾರ್ಯಕ್ರಮಕ್ಕೂ ಮೊದಲು ಹಚ್ಚತೊಡಗಿದರು. ಅದಕ್ಕೆ ‘ಯಜಮಾನರ ಮನೆ’ ಎಂದು ಹೆಸರಾಯಿತು. ಯಜಮಾನರ ಹಾಡುಗಳನ್ನು ಯಾರೇ ಹಾಡಲಿ, ಯಜಮಾನರ ಮನೆಯಲ್ಲೇ ಹಾಡಬೇಕು. ಮಠದಲ್ಲಿ ಗದ್ದುಗೆಯ ಮೇಲೆ ಬೇರೆಯವರು ಕೂರುತ್ತಾರೆಯೇ? ಹಾಗೆ.

ಅರುಣಾ ಮೊದಲು ಹಾಡಿದ್ದು ಒಂಬತ್ತನೇ ವಯಸ್ಸಿನಲ್ಲಿ, ನಾನು ನೋಡಿದ್ದೇನೆ. ಬಿಳಿ ಫ್ರಾಕು, ಎದೆಯ ಮೇಲೆ ಜರಿಯ ಮಿಂಚು. ಹಾಡಿದ್ದು ಅಪ್ಪನ ಅತಿ ದೊಡ್ಡ ಹಾಡು, ‘ಎರಡನೇ ಪ್ಲಾಟ್‌ಫಾರಂ ಹುಡುಗಿ, ಯಾವ ಊರಿಗೆ ನಿನ್ನ ಟಿಕೆಟ್ಟು’. ಮಕ್ಕಳ ಗಂಟಲಲ್ಲವೇ, ಅದೇ ಕರಿ ಒಂದರಲ್ಲಿ ಅಪ್ಪನಿಗಿಂತ ಒಂದು ಸ್ಥಾಯಿ ಮೇಲೆ ಕಿರುಚಿ ಹಾಡಿಬಿಟ್ಟಳು. ಜನ ಎದ್ದು ನಿಂತರು. ರಾಜಶೇಖರರು ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ವೇದಿಕೆ ಸುತ್ತಿದರು. ಆ ದಿನ ಅಂಟಿದ್ದು ಬೇಬಿ.

ಮಗು ದೊಡ್ಡದಾಗುತ್ತದೆ ಎಂಬುದು ಆ ತಂಡದಲ್ಲಿ ಯಾರಿಗೂ ಹೊಳೆದಂತೆ ಕಾಣಲಿಲ್ಲ. ಹದಿನಾಲ್ಕಕ್ಕೆ ಮೇಲಿನ ಸ್ಥಾಯಿ ಕೈಬಿಟ್ಟಿತು. “ಕೆಳಗೆ ಬಾ, ಸಿಗುತ್ತೆ” ಎಂದರು ಅಪ್ಪ. ಕೆಳಗೆ ಬಂದಳು. ಅದು ಗಂಡಸಿನ ಜಾಗ, ಅವಳ ಗಂಟಲಿಗೆ ಅಲ್ಲಿ ನೆಲವೇ ಇರಲಿಲ್ಲ. ಪಲ್ಲವಿಯ ಅರ್ಧ ಪದಗಳು ಬಾಯಿಂದ ಹೊರಡುತ್ತಿದ್ದವು, ಮೈಕಿಗೆ ಸಿಗುತ್ತಿರಲಿಲ್ಲ. “ಅಪ್ಪನ ಗಂಟಲು ಬರ್ಲಿಲ್ಲ ನೋಡಿ ಪಾಪ” ಎಂದರು ಜನ. ಹುಲಿಯ ಹೊಟ್ಟೆಯಲ್ಲಿ ಇಲಿ ಹುಟ್ಟಿತು ಎಂದವರೂ ಇದ್ದರು, ಅವಳಿಗೆ ಕೇಳಿಸುವ ಹಾಗೆಯೇ.

ಹತ್ತೊಂಬತ್ತರಲ್ಲಿ ಒಮ್ಮೆ ಅವಳು ಬಾಯಿಬಿಟ್ಟು ಕೇಳಿದಳು. ಗಂಗಾಧರಪ್ಪನವರ ಹತ್ತಿರ ಹೋಗಿ, “ಮಾಮ, ನನಗೆ ಸ್ವಲ್ಪ ಮೇಲೆ ಇಟ್ಟು ನುಡಿಸ್ತೀರಾ?” ಎಂದಳು. ಅವರು ಕೆನ್ನೆ ಬಡಿದುಕೊಂಡು, “ಯಜಮಾನರ ಮನೆ ಬದಲಾಯ್ಸಾಕೆ ನಾನ್ಯಾರು ಪುಟ್ಟಮ್ಮ?” ಎಂದರು. ಅಪ್ಪ ಅಲ್ಲೇ ಇದ್ದವರು ನಕ್ಕರು. “ನನ್ ಮಗಳು ಕಣಯ್ಯ. ಇವತ್ತಲ್ಲ ನಾಳೆ ನನ್ ಹತ್ರಕ್ಕೇ ಬತ್ತಾಳೆ.” ಅದರಲ್ಲಿ ಕೆಡುಕೇನೂ ಇರಲಿಲ್ಲ, ಪ್ರೀತಿಯೇ ಇತ್ತು. ಪ್ರೀತಿ ಇದ್ದುದರಿಂದಲೇ ಅವಳಿಗೆ ಎದುರು ಹೇಳಲು ಆಗಲಿಲ್ಲ. ಮತ್ತೆಂದೂ ಕೇಳಲಿಲ್ಲ.

ಆಮೇಲೆ ಎಲ್ಲವೂ ಮೆಲ್ಲಗೆ ಹೋಯಿತು. ಒಂದು ದಿನ ಇದ್ದದ್ದು ಮರುದಿನ ಇಲ್ಲವಾಗಿದ್ದರೆ ಅತ್ತು ಮುಗಿಸಬಹುದಿತ್ತು. ಮೊದಲು ಬೇಲೂರಿನ ಕಾರ್ಯಕ್ರಮಗಳು ನಿಂತವು, ಆಮೇಲೆ ಶಾಲಾ ವಾರ್ಷಿಕೋತ್ಸವಗಳು, ಆಮೇಲೆ ಮದುವೆ ಆರತಕ್ಷತೆಗಳು. ಅವಳದೇ ಒಂದು ಸಿ.ಡಿ. ಬಂತು, ಅದರ ಮೇಲೆ ಅಪ್ಪನ ಫೋಟೊ ದೊಡ್ಡದಾಗಿತ್ತು, ಅವಳದು ಅಂಚೆಚೀಟಿಯಷ್ಟು. ಗಂಡಿನ ಕಡೆಯವರು ನೋಡಲು ಬರುತ್ತಿದ್ದರು. ಉಪ್ಪಿಟ್ಟು ತಿಂದು, ರಾಜಶೇಖರರ ಪಕ್ಕ ನಿಂತು ಫೋಟೊ ತೆಗೆಸಿಕೊಂಡು, “ತಿಳಿಸ್ತೀವಿ” ಎಂದು ಹೋಗುತ್ತಿದ್ದರು. ಹೀಗೆ ಬಂದುಹೋದವರ ಆಲ್ಬಂ ಮಾಡಿದರೆ ಒಂದು ಮದುವೆಯ ಆಲ್ಬಮ್ಮಿನಷ್ಟೇ ದಪ್ಪವಾಗುತ್ತದೆ ಎಂದು ನಾನು ರೇಗಿಸುತ್ತಿದ್ದೆ. ಅವಳು ನಗುತ್ತಿದ್ದಳು. “ಬೇಜಾರಾಗಲ್ವೇನೇ?” ಎಂದರೆ, “ಏನೂ ಅನ್ನಿಸಲ್ಲ ಕಣೇ” ಎನ್ನುತ್ತಿದ್ದಳು. ಮುಚ್ಚಿಡುವ ಮಾತಲ್ಲ ಅದು. ಅವಳ ಮುಖ ನೋಡಿದರೆ ನಿಜವಾಗಿಯೂ ಏನೂ ಅನ್ನಿಸುತ್ತಿಲ್ಲ ಎಂದು ಗೊತ್ತಾಗುತ್ತಿತ್ತು, ಅದೇ ನನಗೆ ಹೆದರಿಕೆ.

ಕೊನೆಗೆ ಹಳೇಬೀಡಿನ ಒಂದು ಖಾಸಗಿ ಶಾಲೆಯಲ್ಲಿ ಸಂಗೀತದ ಮೇಡಂ ಆದಳು. ದಿನಾ ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಅಲ್ಲೂ ಪ್ರಾರ್ಥನೆಗೆ ಅವಳ ಬೆರಳು ತಾನಾಗಿ ಕರಿ ಒಂದಕ್ಕೇ ಹೋಗುತ್ತಿತ್ತಂತೆ. ಮಕ್ಕಳು ಎರಡನೇ ಸಾಲಿಗೆ ಬರುವಷ್ಟರಲ್ಲಿ ತಮಗೆ ಬೇಕಾದ ಎತ್ತರಕ್ಕೆ ತಾವೇ ಜಾರಿಬಿಡುತ್ತಿದ್ದವು. ಇವಳು ಮೇಜು ತಟ್ಟಿ ಮತ್ತೆ ಕೆಳಗೆ ಎಳೆಯುತ್ತಿದ್ದಳು. ಇದನ್ನು ಅವಳೇ ಹೇಳಿದ್ದು, ಮಕ್ಕಳ ತಂಟೆ ಎಂದು.

ಕೊರೋನಾ ಮುಗಿದ ಮೇಲೆ ರಾಜಶೇಖರರು ಹೋದರು. ದೇಹವನ್ನು ಮಂಟಪದಲ್ಲಿ ಕೂರಿಸಿ ವಿಭೂತಿ ಹಚ್ಚಿದರು. ಭಜನೆಯವರು ಬಂದು ಕೂತರು. ಗಂಗಾಧರಪ್ಪನವರು ಅಳುತ್ತಲೇ ಕರಿ ಒಂದು ಹಿಡಿದರು. ಅರುಣಾ ಎಲ್ಲರ ಜೊತೆ ಹಾಡಿದಳು, ಒಂದು ಹನಿ ಕಣ್ಣೀರು ಹಾಕಲಿಲ್ಲ. ಬಂದ ನೆಂಟರು ಅದನ್ನೇ ಮಾತಾಡಿಕೊಂಡರು. ಅವಳ ಅಮ್ಮ ಗುರುಸಿದ್ದಮ್ಮ ಮಾತ್ರ, “ಅವಳನ್ನ ಬುಡ್ರಿ. ಅವಳಿಗೆ ಅಳು ಬರಲ್ಲ” ಎಂದರು.

ಅಂದಿನಿಂದ ಗಣಪತಿ ಪೆಂಡಾಲಿನಲ್ಲಿ ವರ್ಷಕ್ಕೊಂದು ಸಂಜೆ ‘ಮಿಂಚು ನೆನಪು’. ಅವಳಿಗೆ ಉಳಿದದ್ದು ಅದೊಂದೇ ವೇದಿಕೆ. ಮೊದಲ ವರ್ಷ ಕುರ್ಚಿ ತುಂಬಿತ್ತು, ಎರಡನೇ ವರ್ಷ ಅರ್ಧ. ಕಳೆದ ವರ್ಷ ಹಬ್ಬಕ್ಕೆ ಮುಂಚೆ ಕಮಿಟಿಯ ಜವರಯ್ಯನವರು ಮನೆಗೇ ಬಂದರು. ಒಳ್ಳೆಯ ಮನುಷ್ಯ, ಸುತ್ತುಬಳಸಿ ಮಾತಾಡುವವರಲ್ಲ.

“ಜನ ಕೂತ್ಕೊಳಲ್ಲ ಕಣಮ್ಮ. ಈ ಸಾರಿನೂ ಎದ್ದೋದ್ರೆ ಮುಂದ್ಕೆ ನಿನಗೆ ಕೊಡಾಕಾಗಲ್ಲ. ಅದಕ್ಕೆ ಒಂದು ದಾರಿ ಮಾಡಿವ್ನಿ. ರಾಜಣ್ಣನ ದನೀನ ಹಳೇ ಕ್ಯಾಸೆಟ್ಟಿಂದ ತೆಗೆಸಿ ಕ್ಲೀನ್ ಮಾಡ್ಸಿವ್ನಿ. ಅದು ಓಡ್ಲಿ, ನೀನು ಮೇಲೆ ನಿಂತ್ಕಂಡು ಜೊತೇಲಿ ಹಾಡು. ಜನ ಕೂರ್ತರೆ, ನಿನ್ ಜಾಗವೂ ಉಳೀತದೆ.”

“ಆಯ್ತು ಜವರಣ್ಣ” ಎಂದಳು ಅರುಣಾ. ಕಾಫಿ ತಂದುಕೊಟ್ಟಳು.

ಗಂಗಾಧರಪ್ಪನವರಿಗೆ ಕೈ ನಡುಗುವ ಕಾಯಿಲೆ. ತಮ್ಮ ಬದಲು ನುಡಿಸಲು ಗಂಡಸಿಯ ಧರ್ಮೇಶ್ ಎಂಬುವನನ್ನು ಕಳಿಸಿದರು. ಮದುವೆಮನೆಗಳಲ್ಲಿ ಕೀಬೋರ್ಡ್ ನುಡಿಸುವವನು, ಇಬ್ಬರು ಮಕ್ಕಳ ತಂದೆ. ಕಾರ್ಯಕ್ರಮದ ಹಿಂದಿನ ದಿನ ಮಧ್ಯಾಹ್ನ ಅಭ್ಯಾಸಕ್ಕೆ ಬಂದ. ನಾನು ಅಲ್ಲೇ ಕೂತು ರವಿಕೆಯ ತೋಳಿಗೆ ಮಿಂಚು ಹೊಲಿಯುತ್ತಿದ್ದೆ.

“ಮೇಡಂ, ನಿಮ್ ಸ್ಕೇಲ್ ಯಾವ್ದು?” ಎಂದು ಕೇಳಿದ.

“ಕರಿ ಒಂದು.”

ಅವನು ಒಂದು ಸಲ ಅವಳನ್ನು ನೋಡಿದ. ನುಡಿಸಿದ. ಅವಳು ಹಾಡಿದಳು, ಎಂದಿನಂತೆ ಪದಗಳು ಕೊಡ ಮುಳುಗಿದ ಹಾಗೆ ಒಂದೊಂದಾಗಿ ಒಳಗೆ ಹೋದವು. ಅವನು ಅರ್ಧಕ್ಕೇ ಕೈ ತೆಗೆದ.

“ಇದು ರಾಜಣ್ಣೋರ್ದು ಮೇಡಂ. ಗಂಡಸ್ರು ಸ್ಕೇಲು. ನಾನು ಕೇಳಿದ್ದು ನಿಮ್ದು.”

ಅರುಣಾ ಬಾಗಿಲ ಕಡೆ ನೋಡಿದಳು. ಆಮೇಲೆ ನನ್ನ ಕಡೆ. “ಗೊತ್ತಿಲ್ಲ” ಎಂದಳು. ಇಷ್ಟು ವರ್ಷದಿಂದ ಹಾಡುತ್ತಿರುವ, ಮಕ್ಕಳಿಗೆ ಪಾಠ ಹೇಳುವ ಹೆಂಗಸು ಹಾಗೆಂದಳು, ಹೆಸರು ಕೇಳಿದರೆ ಗೊತ್ತಿಲ್ಲ ಎಂದ ಹಾಗೆ.

ಈಗಿನ ಕೀಬೋರ್ಡಿನಲ್ಲಿ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತುತ್ತ ಹೋದರೆ ಬೆರಳು ಅದೇ ಮನೆಯ ಮೇಲಿದ್ದರೂ ನಾದ ಮೇಲೆ ಸರಿಯುತ್ತ ಹೋಗುತ್ತದೆ. ಧರ್ಮೇಶ್ ಒಂದೊಂದೇ ಸಲ ಒತ್ತಿ, “ಈಗ ಅನ್ನಿ... ಈಗ ಅನ್ನಿ” ಎನ್ನುತ್ತ ಹೋದ. ಬಿಳಿ ಐದಕ್ಕೆ ಬಂದಾಗ ನಿಲ್ಲಿಸಿ, “ಇಲ್ಲಿ ಹಾಡಿ ನೋಡಾಣ” ಎಂದ.

ಅವಳು ಹಾಡಿದಳು. ನಾನು ಸೂಜಿ ಚುಚ್ಚಿಕೊಂಡೆ.

ಹಿತ್ತಲಲ್ಲಿ ಬಟ್ಟೆ ಮಡಿಸುತ್ತಿದ್ದ ಗುರುಸಿದ್ದಮ್ಮ ಗೋಡೆ ಹಿಡಿದುಕೊಂಡು ನಡುಮನೆಗೆ ಬಂದರು. ಅವರಿಗೆ ಕಣ್ಣು ಅಷ್ಟಾಗಿ ಕಾಣುವುದಿಲ್ಲ. “ಯಾರೇ ಅದು ಹಾಡಿದ್ದು? ಯಾರು ಬಂದವ್ರೆ?” ಎಂದರು.

“ನಾನೇ ಕಣಮ್ಮ.”

“ನೀನಲ್ಲ ಬುಡು. ನಿನ್ ದನಿ ನನಗೆ ಗೊತ್ತಿಲ್ವಾ?”

ನನಗೆ ಆಗ ಖುಷಿಯಾಗಬೇಕಿತ್ತು. ಬಂದದ್ದು ಸಿಟ್ಟು. ಒಂದು ಗುಂಡಿಯ ಕೆಲಸ. ಹೆತ್ತ ತಾಯಿಗೆ ಮಗಳ ದನಿ ಗುರುತಿಲ್ಲ, ಯಾಕೆಂದರೆ ಆ ದನಿ ಆ ಮನೆಯಲ್ಲಿ ಒಂದು ಸಲವೂ ಹೊರಗೆ ಬಂದಿರಲಿಲ್ಲ. ಯಾರ ಮೇಲೆ ಸಿಟ್ಟಾಗುವುದು? ಸತ್ತವರ ಮೇಲೆ ಸಿಟ್ಟಾದರೆ ನಷ್ಟ ನಮಗೇ. ಅರುಣಾಳ ಮುಖದಲ್ಲಿ ಮಾತ್ರ ಏನೂ ಇರಲಿಲ್ಲ. ಒಂದು ಲೋಟ ನೀರು ಕುಡಿದಳು, ಅಷ್ಟೇ.

ಧರ್ಮೇಶ್ ಹೊರಡುವಾಗ ಬಿಡಿಸಿ ಹೇಳಿದ. “ಮೇಡಂ, ಬಿಳಿ ಐದ್ರಲ್ಲಿ ಹಾಡಿದ್ರೆ ರಾಜಣ್ಣೋರ ದನಿ ಜೊತೆಗೆ ಓಡ್ಸಕ್ಕಾಗಲ್ಲ, ಅದು ಕರಿ ಒಂದ್ರಲ್ಲೈತೆ. ಜನಕ್ಕೂ ಕ್ಯಾಸೆಟ್ ಕೇಳಿ ರೂಢಿ. ಎದ್ದೋದ್ರೂ ಹೋಗ್ಬೌದು. ನೀವೇ ಯೋಚ್ನೆ ಮಾಡಿ.” ಅಪ್ಪನ ದನಿಯ ಕೆಳಗೆ ನಿಂತರೆ ವೇದಿಕೆ ಉಳಿಯುತ್ತದೆ, ತನ್ನ ದನಿಯಲ್ಲಿ ಹಾಡಿದರೆ ಅದೇ ಕೊನೆಯಾಗಬಹುದು. ನಾನು ಏನು ಮಾಡ್ತೀಯೇ ಎಂದು ಕೇಳಿದೆ. ಅವಳು, “ರವಿಕೆ ತೋಳು ಬಿಗಿಯಾಗೈತೆ, ಸ್ವಲ್ಪ ಬಿಡಿಸು” ಎಂದಳು.

ಭಾನುವಾರ ಸಂಜೆ ಪೆಂಡಾಲಿನಲ್ಲಿ ಕುರ್ಚಿಗಳು ಮುಕ್ಕಾಲು ತುಂಬಿದ್ದವು. ರಾಜಣ್ಣನ ದನಿ ಬರುತ್ತದೆ ಎಂದು ಜವರಯ್ಯನವರು ಆಟೋದಲ್ಲಿ ಕೂಗಿಸಿದ್ದರು. ಮುಂದಿನ ಸಾಲಿನಲ್ಲಿ ಮಿಂಚು ಕಟಿಂಗಿನ ಕಾಲದವರು, ಈಗ ಕಟಿಂಗಿಗೆ ಕೂದಲೇ ಇಲ್ಲದವರು, ಶಲ್ಯ ಹೊದ್ದು ಕೂತಿದ್ದರು. ಗಂಗಾಧರಪ್ಪನವರನ್ನು ಇಬ್ಬರು ಹಿಡಿದು ವೇದಿಕೆಗೆ ಹತ್ತಿಸಿದರು. ಅವರು ನಡುಗುವ ಬೆರಳಿನಿಂದ ಧರ್ಮೇಶನ ಕೀಬೋರ್ಡಿನ ಕರಿ ಒಂದಕ್ಕೆ ವಿಭೂತಿ ಹಚ್ಚಿ, ಕೈ ಮುಗಿದು, ಇಳಿದು ಬಂದು ನನ್ನ ಪಕ್ಕ ಕೂತರು.

“ಈಗ ನಿಮ್ಮ ಮುಂದೆ, ಬೇಬಿ ಅರುಣಾ!”

ಅವಳು ಹತ್ತಿದಳು. ಧರ್ಮೇಶನ ಹತ್ತಿರ ಬಗ್ಗಿ ಏನೋ ಹೇಳಿದಳು. ಅವನು ರಾಜಣ್ಣನ ದನಿಯಿದ್ದ ಲ್ಯಾಪ್‌ಟಾಪು ಮುಚ್ಚಿದ. ಗುಂಡಿ ಒತ್ತಿದ. ಬೆರಳು ವಿಭೂತಿ ಹಚ್ಚಿದ ಮನೆಯ ಮೇಲೆಯೇ ಇತ್ತು, ಹೊರಟ ನಾದ ಬಿಳಿ ಐದು.

ಗಂಧರ್ವ ಗಾಯನ ಎಂದು ನಾನು ಸುಳ್ಳು ಹೇಳುವುದಿಲ್ಲ. ನಲವತ್ತೇಳರ ಗಂಟಲು, ಮೇಲೆ ಹೋದಾಗ ಎರಡು ಕಡೆ ಒಡೆಯಿತು. ಆದರೆ ಒಂದು ಪದವೂ ಮುಳುಗಲಿಲ್ಲ. ಎರಡನೇ ಪ್ಲಾಟ್‌ಫಾರಂ ಹುಡುಗಿಯ ಹಾಡು ಕುಣಿಯುವ ಹಾಡು ಎಂದೇ ನಾನು ಚಿಕ್ಕಂದಿನಿಂದ ತಿಳಿದಿದ್ದೆ. ಆ ಹುಡುಗಿಯ ಹತ್ತಿರ ಟಿಕೆಟ್ಟೇ ಇಲ್ಲ, ಬಂದ ರೈಲೆಲ್ಲ ಬಿಟ್ಟು ಕೂತಿದ್ದಾಳೆ ಎಂಬುದು ನನಗೆ ಅವತ್ತು ಕೇಳಿಸಿತು. ನಾನು ಅತ್ತೆ, ಅದನ್ನೇನು ಮುಚ್ಚಿಡುವುದು.

ಮುಂದಿನ ಸಾಲಿನವರು ರಾಜಣ್ಣನ ದನಿಗೆ ಕಾದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಹಾಡೇ ಬದಲಾಯ್ಸವಳಲ್ಲ” ಎಂದರು ಯಾರೋ. ಎರಡನೇ ಹಾಡಿಗೆ ಕೆಲವರು ಪಂಚೆ ಕೊಡವಿಕೊಂಡು ಎದ್ದರು. ಮೂರನೆಯದಕ್ಕೆ ಚುರುಮುರಿ ಗಾಡಿಯ ಸುತ್ತ ಇದ್ದಷ್ಟು ಜನ ಪೆಂಡಾಲಿನಲ್ಲಿ ಇರಲಿಲ್ಲ. ಯಾರೂ ಶಿಳ್ಳೆ ಹಾಕಲಿಲ್ಲ, ಸುಮ್ಮನೆ ಹೋದರು. ಹಿಂದಿನ ಕಾಂಪೌಂಡಿನ ಹತ್ತಿರ ಒಂದಷ್ಟು ಹೆಂಗಸರು ಮಾತ್ರ ಚೀಲ ಮಡಿಲಲ್ಲಿಟ್ಟುಕೊಂಡು ಕೊನೆಯವರೆಗೆ ಕೂತಿದ್ದರು. ಅರುಣಾ ಎಲ್ಲವನ್ನೂ ನೋಡುತ್ತ ಎಲ್ಲ ಹಾಡನ್ನೂ ಹಾಡಿದಳು. ಕರಿ ಒಂದಕ್ಕೆ ಹೋಗಲಿಲ್ಲ.

ಮುಗಿದ ಮೇಲೆ ಗಂಗಾಧರಪ್ಪನವರು ಅವಳ ಕೈ ಹಿಡಿದುಕೊಂಡರು. “ಪುಟ್ಟಮ್ಮ, ರಾಜಣ್ಣ ಇವತ್ತು ಹೋದ ಕಣವ್ವ” ಎಂದರು. ಹೊಗಳಿದ್ದೋ ಬೈದದ್ದೋ ನನಗೆ ತಿಳಿಯಲಿಲ್ಲ. ಅವರಿಗೂ ತಿಳಿದಿದ್ದಂತೆ ಕಾಣಲಿಲ್ಲ.

ಸೋಮವಾರ ಬೆಳಿಗ್ಗೆ ಜವರಯ್ಯನವರು ಹಣ್ಣಿನ ಬುಟ್ಟಿ, ಶಾಲು ತಂದರು. ಮುಂದಿನ ವರ್ಷದಿಂದ ಪರದೆ ಕಟ್ಟಿ ರಾಜಣ್ಣನ ಹಳೇ ವಿಡಿಯೋನೇ ತೋರಿಸುವುದೆಂದು ಕಮಿಟಿಯಲ್ಲಿ ಮಾತಾಗಿದೆಯಂತೆ. “ದೀಪ ಹಚ್ಚಾಕೆ ನೀನೇ ಬರ್ಬೇಕು ತಾಯಿ. ನೀನು ಚೆನ್ನಾಗೇ ಹಾಡ್ದೆ. ಆದ್ರೆ ಜನಕ್ಕೆ ಬೇಕಾಗಿರಾದು ಅವನು.” ಅರುಣಾ “ಆಯ್ತು ಜವರಣ್ಣ” ಎಂದು ಶಾಲು ಮಡಿಸಿಟ್ಟು, ಟಿಫಿನ್ ಡಬ್ಬ ಬ್ಯಾಗಿಗೆ ಹಾಕಿಕೊಂಡಳು. ಶಾಲೆಗೆ ಹೊತ್ತಾಗಿತ್ತು.

ನಾನೂ ಜೊತೆಗೆ ಬಸ್‌ಸ್ಟ್ಯಾಂಡಿನವರೆಗೆ ಹೋದೆ. ಕಲ್ಲುಬೆಂಚಿನ ಮೇಲೆ ಕೂತ ಮೇಲೆ, ಏನು ಉತ್ತರ ಬರುತ್ತದೆ ಎಂದು ಗೊತ್ತಿದ್ದೂ, “ಏನನ್ನಿಸ್ತೈತೆ?” ಎಂದು ಕೇಳಿದೆ.

ಅವಳು ಕನ್ನಡಕ ತೆಗೆದಳು. ಬಾಯಿ ಸೊಟ್ಟಗಾಯಿತು. ಬಸ್‌ಸ್ಟ್ಯಾಂಡಿನ ಅಷ್ಟು ಜನರ ಮುಂದೆ, ಅಪ್ಪ ಸತ್ತಾಗ ಅಳದವಳು, ಚಿಕ್ಕ ಹುಡುಗಿಯಂತೆ ಬಿಕ್ಕಿ ಬಿಕ್ಕಿ ಅತ್ತಳು. ಕಡಲೆಕಾಯಿ ಮಾರುತ್ತಿದ್ದವಳು ಬುಟ್ಟಿ ಇಳಿಸಿ ನಿಂತು ನೋಡಿದಳು.

“ಸಂಕಟ ಆಗ್ತೈತೆ ಕಣೇ ಶಿಲ್ಪಾ,” ಎಂದಳು. “ಇಷ್ಟು ವರ್ಷ ಕೈಬಿಟ್ಟು ಹೋಗಿದ್ದೆಲ್ಲ ಅಪ್ಪಂದು. ಇದೊಂದು ನಂದು.”

ಹಳೇಬೀಡಿನ ಬಸ್ಸು ಬಂತು. ಅವಳು ಕಣ್ಣೊರೆಸಿಕೊಳ್ಳದೆ ಹತ್ತಿ, ಕಿಟಕಿಯ ಪಕ್ಕ ಕೂತಳು.